ಸುಡದೆ ಉಳಿದ ಗುಡ್ಡ

ಷಡ್ಡಕರಿಬ್ಬರು ಒಂದೇ ಅರಣ್ಯ ಕಚೇರಿಯಲ್ಲಿ ಕೆಲಸ ಮಾಡಬಾರದು. ಮಾಡಿದರೂ ಕಿರಿಯವನು ಮೇಲೆ, ಹಿರಿಯವನು ಕೆಳಗೆ ಆಗಬಾರದು. ಮಾವನ ಮನೆಯ ದೊಡ್ಡಳಿಯನಿಗೆ ಆ ಚಳಿಗಾಲವಿಡೀ ಇದೇ ಸಂಕಟ.

ಊರ ಹಿಂದಿನ ಸರ್ಕಾರಿ ಗುಡ್ಡಗಳ ಹುಲ್ಲನ್ನು ಬೇಸಿಗೆಗೆ ಮುಂಚೆಯೇ ಪಟ್ಟಿ ಪಟ್ಟಿಯಾಗಿ ಸುಟ್ಟುಬಿಡುವುದು ಇಲಾಖೆಯ ಪದ್ಧತಿ. ಆಮೇಲೆ ಕಾಡ್ಗಿಚ್ಚು ಬಂದರೂ ಅದಕ್ಕೆ ತಿನ್ನಲು ಏನೂ ಸಿಗುವುದಿಲ್ಲ. ಈ ಕೆಲಸದ ಮುಂದಾಳು ವರ್ಷಗಟ್ಟಲೆ ದೊಡ್ಡಳಿಯನೇ. ಈ ಸಲ ಸಾಹೇಬರು ಚಿಕ್ಕಳಿಯನನ್ನು ಮುಂದಾಳು ಮಾಡಿ, ದೊಡ್ಡವನನ್ನು ಗಾಳಿ ನೋಡಲು ನಿಲ್ಲಿಸಿದರು.

"ಮುಖ ಯಾಕ್ರೀ ಹರಳೆಣ್ಣೆ ಕುಡಿದ ಹಾಗಿದೆ?" ಎಂದಳು ಹೆಂಡತಿ.

"ನನಗೇನಾಗಿದೆ? ನಿನ್ನ ತಂಗಿ ಗಂಡ ಚೆನ್ನಾಗಿರಲಿ."

"ನೀವು ಹಾರೈಸೋದು ಕೇಳಿದ್ರೇ ಭಯ ಆಗುತ್ತೆ."

ಕೊನೆಯ ಗುಡ್ಡದ ಸರದಿ ಬಂದ ಬೆಳಿಗ್ಗೆ, ಮೊದಲು ಮೂಲೆಯ ಒಂದಿಷ್ಟು ಹುಲ್ಲಿಗೆ ಬೆಂಕಿ ಕೊಟ್ಟು ಪರೀಕ್ಷಿಸಿದರು. ಹೊಗೆ ಊರ ಕಡೆ ತಿರುಗಿಯೂ ನೋಡದೆ ಬೋಳು ಬಂಡೆಗಳತ್ತ ಬಾಗಿತು. ಹುಲ್ಲು ಹದವಾಗಿ ಒಣಗಿತ್ತು. ಇಷ್ಟು ಒಳ್ಳೆಯ ದಿನ ದೊಡ್ಡಳಿಯನ ಕಾಲದಲ್ಲಿ ಒಮ್ಮೆಯೂ ಒದಗಿರಲಿಲ್ಲ. ಅವನಿಗೆ ತಡೆಯಲಾಗದ್ದು ಅದೇ.

"ಅಣ್ಣಾ, ಹೇಗೆ?" ಚಿಕ್ಕಳಿಯ ಕೆಳಗಿನಿಂದ ಕೂಗಿದ.

ಸರಿ ಎನ್ನಬೇಕಿತ್ತು. "ಗಾಳಿ ತಿರುಗೋ ಹಾಗಿದೆ," ಎಂದುಬಿಟ್ಟ.

ಚಿಕ್ಕವನು ಈಗ ವಾದಕ್ಕೆ ಬರುತ್ತಾನೆ, ನಾಲ್ಕು ಜನರೆದುರು ಹಾರಾಡಿ ಹಗುರಾಗುತ್ತಾನೆ ಎಂದುಕೊಂಡಿದ್ದ. ಆ ಪುಣ್ಯಾತ್ಮ, "ಅಣ್ಣ ಅಂದ ಮೇಲೆ ಮುಗೀತು. ಆರಿಸ್ರಪ್ಪಾ," ಎಂದು ಎಲ್ಲರನ್ನೂ ಮನೆಗೆ ಕಳಿಸಿದ. ಗಾಳಿ ಸಂಜೆಯವರೆಗೂ ಕದಲಲಿಲ್ಲ. ಆ ವಾರವೇ ಅಕಾಲದ ಮಳೆ ಹಿಡಿದು ಹುಲ್ಲು ಹಸಿರಾಯಿತು. ಹಸಿ ಹುಲ್ಲು ಸುಡುವುದಿಲ್ಲ, ಬೇಸಿಗೆ ಕಾಯುವುದಿಲ್ಲ.

ಬೇಸಿಗೆಯಲ್ಲಿ ಕಿಚ್ಚು ಬಂತು. ಸುಟ್ಟ ಗುಡ್ಡಗಳನ್ನೆಲ್ಲ ಬಿಟ್ಟು, ವಿಳಾಸ ಕೇಳಿಕೊಂಡು ಬಂದ ನೆಂಟನಂತೆ ಆ ಒಂದನ್ನೇ ಹತ್ತಿತು. ಷಡ್ಡಕರಿಬ್ಬರೂ ಅಕ್ಕಪಕ್ಕ ನಿಂತು ಹಸಿ ಸೊಪ್ಪಿನಲ್ಲಿ ಬಡಿದರು. ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಗುಡ್ಡದ ಬುಡದಲ್ಲಿದ್ದ ಇಲಾಖೆಯ ಸಸಿತೋಟ ಮಾತ್ರ ಉಳಿಯಲಿಲ್ಲ.

ಕಚೇರಿಯಲ್ಲಿ ಸಾಹೇಬರು ಎಲ್ಲರನ್ನೂ ಕೂರಿಸಿ ಕೇಳಿದರು: "ಆವತ್ತು ಸುಡೋದನ್ನ ನಿಲ್ಲಿಸಿದ್ದು ಯಾರ್ರೀ?"

ಚಿಕ್ಕಳಿಯ ಎದ್ದು ನಿಂತ. "ನಾನೇ ಸಾರ್. ಮುಂದಾಳು ನಾನು, ತಪ್ಪು ನಂದೇ."

ಸಾಹೇಬರ ಮುಖ ಮೆತ್ತಗಾಯಿತು. "ಹೀಗೆ ತಪ್ಪನ್ನ ತಲೆ ಮೇಲೆ ಹೊತ್ಕೊಳ್ಳೋರು ಈ ಕಾಲದಲ್ಲಿ ಎಲ್ಲಿ ಸಿಗ್ತಾರೆ!" ಟೈಪಿಸ್ಟ್ ಹೆಂಗಸಂತೂ ಕಣ್ಣೊರೆಸಿಕೊಂಡಳು.

ಬೀಸುವ ದೊಣ್ಣೆ ತಪ್ಪಿತೆಂದು ದೊಡ್ಡಳಿಯ ಉಸಿರು ಬಿಡಬಹುದಿತ್ತು. ಆದರೆ ಅವನ ಕಣ್ಣಿಗೆ ಕಂಡದ್ದು ಆ ಕಣ್ಣೀರು. ಮುಂದಾಳತ್ವ ಹೋಯಿತು, ಮಾವನ ಮನೆಯಲ್ಲಿದ್ದ ಮರ್ಯಾದೆ ಹೋಯಿತು. ಈಗ ತಾನೊಬ್ಬನೇ ಕೈಯಾರೆ ಮಾಡಿದ ಕೆಲಸ, ಅದನ್ನೂ ಇವನೇ ಹೊಡೆದುಕೊಂಡನಲ್ಲ!

"ಸುಳ್ಳು ಸಾರ್!" ಎದ್ದ ರಭಸಕ್ಕೆ ಕುರ್ಚಿ ಮಗುಚಿತು. "ನಿಲ್ಲಿಸಿದ್ದು ನಾನು. ಗಾಳಿ ಸರಿಯಾಗೇ ಇತ್ತು. ಬೇಕಂತಲೇ ಹೇಳಿದೆ. ಇವನಿಗೇನು ಗೊತ್ತು ಗಾಳಿ ವಿಷಯ?"

ಚಿಕ್ಕಳಿಯ ಮೆಲ್ಲಗೆ ಅವನತ್ತ ತಿರುಗಿದ.

"ಬೇಕಂತಲೇನಾ, ಅಣ್ಣಾ?"

ಬೈದಿದ್ದರೆ ತಿರುಗಿಸಿ ಬೈಯಬಹುದಿತ್ತು. ದೊಡ್ಡಳಿಯ ಬಗ್ಗಿ, ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿದ, ಆದರೆ ಕೂರುವ ಧೈರ್ಯವಾಗಲಿಲ್ಲ.