ಓಣಿಗೆ ಹಂಚಿದ ಸಕ್ಕರೆ

೧೯೪೯ರ ಬೇಸಿಗೆಯಲ್ಲಿ ಮಾನ್ವಿಯ ಬಂಡಿಕಾರ ತಾಯಣ್ಣನ ಮನೆಗೆ ಎರಡು ಕಾಗದ ಬಂದವು. ಅವನ ಮಗ ಉರುಕುಂದಪ್ಪ ಮೆಟ್ರಿಕ್ ಪಾಸಾಗಿದ್ದ. ಆ ಓಣಿಯಲ್ಲಿ ಅವನೇ ಮೊದಲಿಗ. ಒಂದು ಕಾಗದ ಹೈದರಾಬಾದಿನ ದೊಡ್ಡ ವಿಶ್ವವಿದ್ಯಾಲಯದ್ದು. ಇನ್ನೊಂದು ರಾಯಚೂರಿನ ಸರಕಾರಿ ಕೈಗಾರಿಕಾ ಶಾಲೆಯದು. ಜನ ಅದನ್ನು ಹುನ್ನರ ಸಾಲಿ ಎನ್ನುತ್ತಿದ್ದರು. ಎರಡೂ ಕಡೆ ಜಾಗ ಸಿಕ್ಕಿತ್ತು. ಹದಿನೈದು ದಿನದೊಳಗೆ ಒಂದನ್ನು ಒಪ್ಪಿಕೊಳ್ಳಬೇಕಿತ್ತು.

ಹೈದರಾಬಾದ್ ಎಂಬ ಹೆಸರು ಕಿವಿಗೆ ಬಿದ್ದದ್ದೇ ತಡ, ತಾಯಿ ಮಾನಮ್ಮ ಕಂಟ್ರೋಲ್ ಅಂಗಡಿಯಿಂದ ತಂದ ತಿಂಗಳ ಸಕ್ಕರೆಯನ್ನೆಲ್ಲ ತಟ್ಟೆಗೆ ಸುರುವಿಕೊಂಡು ಮನೆಮನೆಗೂ ಹಂಚಿಬಂದಳು. ದೇವದುರ್ಗದಲ್ಲಿದ್ದ ಅಣ್ಣ ಯಂಕಣ್ಣನಿಗೂ ಹೇಳಿಕಳಿಸಿದಳು. ‘ಬಂಡಿ ಹೊಡೆಯೋರ ಮನಿ’ ಎಂದು ಅಣ್ಣನ ಹೆಂಡತಿ ಆಡಿಕೊಂಡದ್ದನ್ನು ಅವಳು ಮರೆತಿರಲಿಲ್ಲ.

ಮರುದಿನ ಉರುಕುಂದಪ್ಪ ಬಾಯಿಬಿಟ್ಟ.

"ಯವ್ವಾ, ನಾ ರಾಯಚೂರಿಗೆ ಹೋಗ್ತೀನಿ. ಇಂಜಿನ್ ಕೆಲಸ ಕಲೀಬೇಕಂತ ಮಾಡೀನಿ."

"ಏನಂದಿ? ಸಕ್ಕರಿ ತಿಂದೋರಿಗೆ ನಾ ಏನು ಹೇಳ್ಲಿ? ಇಷ್ಟು ಓದಿದ ಹುಡುಗ ಮೈಗೆಲ್ಲ ಎಣ್ಣಿ ಬಳಕೊಂಡು ನಿಲ್ತಾನಂತ!"

ಹುಡುಗ ರಾಯಚೂರಿನ ಕಾಗದವನ್ನು ಮಡಿಚಿಟ್ಟ. ಮನೆಯಲ್ಲಿ ಅವನದು ಮೊದಲೇ ಮಾತು ಕಡಿಮೆ.

"ನನಗೂ ತಿಳೀವಲ್ದು," ಎಂದ ತಾಯಣ್ಣ. "ಅಲ್ಲಾಉದ್ದೀನನ್ನ ಕೇಳೂಣು ನಡಿ."

ಅಲ್ಲಾಉದ್ದೀನ್ ಅದೇ ಓಣಿಯವನು. ಹುನ್ನರ ಸಾಲಿಯಲ್ಲಿ ಕಲಿತು, ಈಗ ರಾಯಚೂರಿನಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ ಇಂಜಿನ್ ಮಿಸ್ತ್ರಿಯಾಗಿದ್ದ. ಮೂವರೂ ಮೋಟಾರು ಹತ್ತಿ ಅವನಲ್ಲಿಗೆ ಹೋದರು.

ಅವನು ಮೊದಲು ಶಾಲೆ ತೋರಿಸಿದ. ತಗಡಿನ ಮಾಡು. ಬನಿಯನ್ ತೊಟ್ಟ ಹುಡುಗರು ಸಾಲಾಗಿ ನಿಂತು ಕಬ್ಬಿಣಕ್ಕೆ ಅರ ತಿಕ್ಕುತ್ತಿದ್ದರು. ಮಾನಮ್ಮ ಸೆರಗು ಮೂಗಿಗೆ ಹಿಡಿದಳು.

"ಇದು ಸಾಲ್ಯೋ, ಕಮ್ಮಾರನ ಕುಲುಮ್ಯೋ ತಮ್ಮಾ?"

"ಎರಡೂ ಅನ್ಕೋ ಯಕ್ಕಾ," ಅಲ್ಲಾಉದ್ದೀನ್ ನಕ್ಕ. "ನಡೀರಿ, ಚಾ ಕುಡಿಯೂಣು."

ಅವರನ್ನು ತನ್ನ ಜಿನ್ನಿಗೆ ಕರೆದೊಯ್ದ. ಹತ್ತಿಯ ಹಂಗಾಮು ಮುಗಿದಿತ್ತು. ಜಿನ್ನಿನ ಇಂಜಿನನ್ನು ಸ್ವಚ್ಛ ಮಾಡಲು ಬಿಚ್ಚಿ, ಭಾಗಗಳನ್ನು ಗೋಣಿತಟ್ಟಿನ ಮೇಲೆ ಹರವಿದ್ದರು. ಉರುಕುಂದಪ್ಪ ನೇರ ಅಲ್ಲಿಗೆ ಹೋಗಿ ಕುಕ್ಕರುಗಾಲಲ್ಲಿ ಕೂತ. ಉಳಿದವರು ನೆರಳಲ್ಲಿ ಚಹಾ ಹಿಡಿದು ಕೂತರು.

"ಹೈದರಾಬಾದ್ ಅಂದ್ರ ಸಣ್ಣ ಮಾತೇನು?" ಎಂದಳು ಮಾನಮ್ಮ. "ಅಲ್ಲಿ ಕಲ್ತೋರಿಗೆ ಕರೆದು ಕುರ್ಚಿ ಕೊಡ್ತಾರ."

"ಖರೇ ಅದ," ಎಂದ ಅಲ್ಲಾಉದ್ದೀನ್. "ನಮ್ಮಕ್ಕನ ಮಗ ಬಂದೇನವಾಜ್ ಅಲ್ಲೇ ಓದಾಕತ್ತಾನ. ವಕೀಲ ಆಗಬೇಕಂತ ಅವನಿಗೆ ಹುಚ್ಚು, ಅವನಿಗೆ ಅದು ಬರೋಬರಿ ಅದ. ಉರುಕುಂದ ಏನು ಓದ್ತಾನ?"

"ಹೈದರಾಬಾದಿನಾಗ ಓದ್ತಾನ."

"ಎಲ್ಲಿ ಅಂತ ಕೇಳಲಿಲ್ಲ ಯಕ್ಕಾ. ಏನು ಅಂತ ಕೇಳಿದೆ."

ಮಾನಮ್ಮ ಗಂಡನ ಕಡೆ ನೋಡಿದಳು. ತಾಯಣ್ಣ ಚಹಾದ ಕಡೆ ನೋಡಿದ. ಇಡೀ ಓಣಿ ಸಕ್ಕರೆ ತಿಂದಿತ್ತು. ಹುಡುಗ ಏನು ಓದುತ್ತಾನೆಂದು ಒಬ್ಬರೂ ಕೇಳಿರಲಿಲ್ಲ. ಹಂಚಿದವಳೂ ಕೇಳಿರಲಿಲ್ಲ.

ಅಲ್ಲಾಉದ್ದೀನ್ ಅವರು ತಂದಿದ್ದ ಹೈದರಾಬಾದಿನ ಕಾಗದ ಬಿಚ್ಚಿ ಓದಿದ. "ಇತಿಹಾಸ, ಫಾರ್ಸಿ ಅಂತ ಅದ. ನಾಕು ವರ್ಷ."

"ಫಾರ್ಸಿನಾಗ ಹೆಂಗೋ ಪಾರಾಗ್ಯಾನ," ತಾಯಣ್ಣ ಮೆಲ್ಲಗೆ ಹೇಳಿದ. "ಲೆಕ್ಕದಾಗ ಮಾತ್ರ ಅವನೇ ಮೊದಲು."

"ನಿಮ್ಮ ಸಾಲ್ಯಾಗ ಕಲ್ತೋರೆಲ್ಲ ಸಾಹೇಬ್ರಾಗ್ಯಾರೇನು?" ಮಾನಮ್ಮ ಬಿಡಲಿಲ್ಲ.

"ಇಲ್ಲ ಯಕ್ಕಾ. ನನ್ನ ಜೋಡಿ ಕಲ್ತೋರಾಗ ಇಬ್ಬರು ಅಕ್ಕಿ ಗಿರಣ್ಯಾಗ ಅದಾರ, ಒಬ್ಬ ರೈಲ್ವೇದಾಗ. ಒಬ್ಬ ಖಾಲಿ ಕುಂತಾನ, ಸುಳ್ಳ್ಯಾಕ ಹೇಳ್ಲಿ? ಆದ್ರ ಕೈಯಾಗ ಕೆಲಸ ಅದ, ಎಲ್ಲೋ ಒಂದು ಕಡಿ ಹತ್ಕೋತದ."

ತಾಯಣ್ಣ ಎದ್ದು ಮಗನ ಹತ್ತಿರ ಹೋದ. "ಇದೇನಲೇ?" ಎಂದು ಒಂದು ಭಾಗವನ್ನು ತೋರಿಸಿದ. ಅಪ್ಪನ ಬಂಡಿಯ ಜೊತೆ ಬಂದಾಗಲೆಲ್ಲ ನೋಡಿ ತಿಳಿದದ್ದನ್ನು ಹುಡುಗ ಹೇಳತೊಡಗಿದ. ಎಣ್ಣೆ ಎಲ್ಲಿ ಒಳಹೋಗುತ್ತದೆ, ಎಲ್ಲಿ ಉರಿಯುತ್ತದೆ, ದೊಡ್ಡ ಗಾಲಿ ಯಾವುದರಿಂದ ತಿರುಗುತ್ತದೆ, ಒಂದಾದ ಮೇಲೆ ಒಂದು, ಉಸಿರು ತೆಗೆದುಕೊಳ್ಳಲೂ ನಿಲ್ಲಲಿಲ್ಲ. ಮಾನಮ್ಮನ ಚಹಾ ಆರಿಹೋಯಿತು. ತನ್ನ ಮಗ ಇಷ್ಟು ಮಾತಾಡಬಲ್ಲನೆಂದು ಅವಳಿಗೆ ಗೊತ್ತಿರಲಿಲ್ಲ.

"ಇಪ್ಪತ್ತು ವರ್ಷ ಈ ಜಿನ್ನಿಗೆ ಹತ್ತಿ ಹೇರಿಕೊಂಡು ಬಂದೀನಿ," ತಿರುಗಿ ಬಂದ ತಾಯಣ್ಣ ಹೇಳಿದ. "ಇದರ ಹೊಟ್ಟ್ಯಾಗ ಏನದ ಅಂತ ಇವತ್ತು ತಿಳೀತು ನೋಡು."

ಮಾನಮ್ಮ ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದಳು. ಆಮೇಲೆ, "ಇಲ್ಲೇ ಕಲೀಲಿ ಬಿಡ್ರಿ," ಎಂದಳು.

ಊರಿಗೆ ಮರಳಿದ ಮೇಲೆ ಅವಳು ಮತ್ತೆ ತಟ್ಟೆ ಹಿಡಿದು ಹೊರಟಳು. ಸಕ್ಕರೆ ಉಳಿದಿರಲಿಲ್ಲ, ಬೆಲ್ಲ ಒಡೆದು ಹಾಕಿಕೊಂಡಿದ್ದಳು. ಪಕ್ಕದ ಮನೆಯ ಪಾರ್ವತೆಮ್ಮ ಬಾಗಿಲಲ್ಲೇ ನಿಲ್ಲಿಸಿದಳು.

"ಯಾಕ ಬೇ, ಹೈದರಾಬಾದ್ ಸಕ್ಕರಿ ಹೋಗಿ ಬೆಲ್ಲ ಆತೇನು?"

"ಆತು. ರಾಯಚೂರಿಗೆ ಹೊಂಟಾನ. ಏನು ಓದ್ತಾನ ಅಂತ ಕೇಳವಾ ಈಗ, ಹೇಳ್ತೀನಿ."

ಪಾರ್ವತೆಮ್ಮ ಕೇಳಿದಳು. ಮಾನಮ್ಮ ಹೊಸ್ತಿಲಲ್ಲಿ ತಟ್ಟೆ ಇಟ್ಟು ಕೂತು, ಗಾಲಿ ಹೇಗೆ ತಿರುಗುತ್ತದೆಂದು ಕೈಯಾಡಿಸಿ ಹೇಳಿದಳು. ಅರ್ಧ ತಪ್ಪಿತ್ತು.

ಕೇಳುತ್ತಿರುವ ತಾಯಂದಿರೇ, ತಂದೆಯರೇ, ಎಲ್ಲ ಮಕ್ಕಳಿಗೂ ಹುನ್ನರ ಸಾಲಿಯೇ ಸರಿ ಎಂದು ಹೇಳಲು ನಮಗೆ ಧೈರ್ಯವಿಲ್ಲ. ಬಂದೇನವಾಜನಿಗೆ ಹೈದರಾಬಾದೇ ಸರಿ. ನಿಮ್ಮ ಮನೆಗೆ ಇಂಥ ಕಾಗದ ಬಂದಾಗ ಹೆಸರೊಂದನ್ನೇ ನೋಡಬೇಡಿ. ಅಲ್ಲಿ ಏನು ಕಲಿಸುತ್ತಾರೆ, ಕಲಿತವರು ಈಗ ಎಲ್ಲಿದ್ದಾರೆ ಎಂದು ಹೋಗಿ ವಿಚಾರಿಸಿ. ಓದಲು ಬಾರದಿದ್ದರೆ ಓದಬಲ್ಲವರ ಬಳಿ ಕಾಗದ ಒಯ್ಯಿರಿ, ಸಂಕೋಚ ಬೇಡ. ಅದಕ್ಕೂ ಮೊದಲು ನಿಮ್ಮ ಮಗನನ್ನು, ಮಗಳನ್ನು ಹತ್ತಿರ ಕೂರಿಸಿಕೊಂಡು ಕೇಳಿ. ಸಕ್ಕರೆ ಆಮೇಲೆ ಹಂಚಿದರಾಯಿತು.