ಬೂ ಜರ್ರಾಹ್‌ನ ಹವಳದ ದೀಪ

ಕುವೈತಿನಲ್ಲಿ ಇಪ್ಪತ್ತು ವರ್ಷದಿಂದ ಉಪ್ಪುನೀರಿನ ಅಕ್ವೇರಿಯಂ ಅಂಗಡಿ ಇಟ್ಟುಕೊಂಡಿದ್ದೇನೆ. ಹವಳಕ್ಕೆ ಬೆಳಕೇ ಅನ್ನ ಎಂದು ಹೇಳಿ ಹೇಳಿ ನಾಲಿಗೆ ಸವೆದುಹೋಗಿದೆ. ಬೂ ಜರ್ರಾಹ್ ಎಂಬ ಗಿರಾಕಿಗೂ ಹೇಳಿದ್ದೆ. ಸಂಜೆಯ ಅತಿಥಿಗಳು ಕೂರುವ ತನ್ನ ದಿವಾನಿಯಾದಲ್ಲಿ ಅವನು ಗೋಡೆಯಗಲದ ತೊಟ್ಟಿ ಕಟ್ಟಿಸಿ, ಜೀವಂತ ಹವಳ ತುಂಬಿಸಿದ್ದ. ಹವಳಕ್ಕೆ ಒಗ್ಗುವ ನೀಲಿ ದೀಪವನ್ನು ನಾನೇ ಹೋಗಿ ಹಾಕಿ ಬಂದೆ.

ಮೂರನೇ ದಿನಕ್ಕೆ ದೀಪ ಬಿಚ್ಚಿಕೊಂಡು ಅಂಗಡಿಗೆ ಬಂದ.

"ಇದನ್ನ ನೀನೇ ಇಟ್ಕೋ ಮಾರಾಯ. ನಿನ್ನೆ ಎಲ್ಲರ ಬಿಳಿ ದಿಶ್ದಾಶಾ ನಿಲುವಂಗಿನೂ ನೀಲಿಯಾಗಿ ಹೊಳೀತಿತ್ತು. 'ಏನಯ್ಯಾ, ನಿಮ್ಮನೇಲಿ ಬಟ್ಟೆಗೆ ನೀಲಿ ಜಾಸ್ತಿ ಹಾಕ್ತಾರಾ?' ಅಂತ ನನ್ನ ಷಡ್ಡಕ ಎಲ್ಲರೆದುರು ನಕ್ಕ. ಮರ್ಯಾದೆ ಹೋಯ್ತು!"

"ದೀಪ ಹಾಕಿದ್ದು ಹವಳಕ್ಕೆ ಕಣಯ್ಯಾ, ನಿನ್ನ ಷಡ್ಡಕನಿಗಲ್ಲ."

"ಹವಳ ಏನು ನನ್ನ ಜೊತೆ ಕೂತು ಕಾಫಿ ಕುಡಿಯುತ್ತಾ? ಹಳದಿ ಬೆಳಕು ಕೊಡು."

ನಾನು ಕೊಡಲಿಲ್ಲ. ಮಹಾಶಯ ಎಲ್ಲಿಂದಲೋ ಚಿನ್ನದ ಬಣ್ಣದ ತೂಗುದೀಪ ತಂದು ತೊಟ್ಟಿಯ ಮೇಲೆ ನೇತುಹಾಕಿದ.

ಎರಡು ತಿಂಗಳಿಗೆ ಫೋನು ಬಂತು. "ಎಂಥಾ ಕಳಪೆ ಹವಳ ಕೊಟ್ಟೆ? ಬಂದು ನೋಡು!"

ಹೋದೆ. ಹವಳವೆಲ್ಲ ಸತ್ತು ಕಂದು ಪಾಚಿ ಹಿಡಿದಿತ್ತು. ಅದರೆದುರೇ ಷಡ್ಡಕನೂ ಅತಿಥಿಗಳೂ ಕಾಫಿ ಹೀರುತ್ತಿದ್ದರು. ನಾನೇನು ಹೇಳುತ್ತೇನೆಂದು ಎಲ್ಲರೂ ನನ್ನ ಮುಖ ನೋಡಿದರು. ನಾನು ಬೂ ಜರ್ರಾಹ್‌ನನ್ನು ಕತ್ತಿನಿಂದ ಕಾಲಿನವರೆಗೆ ನೋಡಿದೆ.

"ಹವಳ ಸತ್ತಿದೆ, ನಿಜ," ಅಂದೆ. "ಆದರೆ ಈ ಹಳದಿ ಬೆಳಕಲ್ಲಿ ನಿನ್ನ ದಿಶ್ದಾಶಾದ ಇಸ್ತ್ರಿ ಎಷ್ಟು ಚೆನ್ನಾಗಿ ಕಾಣ್ತಿದೆ!"