ಕಾಫಿ ಕಲೆಯ ಚೀಟಿ

ಸೋಲ್ವೈ ಓಗೋರ್‌ಗೆ ಹುಟ್ಟಿನಿಂದ ಬಂದ ಆಸ್ತಿ ಎಂದರೆ ಮನೆತನದ ಹೆಸರೊಂದೇ. ಆ ಹೆಸರು ಶುರುವಾಗುವ, ನೆತ್ತಿಯ ಮೇಲೆ ಸೊನ್ನೆ ಹೊತ್ತ A ಅಕ್ಷರವೋ, ಡೇನಿಷ್ ವರ್ಣಮಾಲೆಯ ಬಾಲದ ತುದಿಯಲ್ಲಿ ಜೋತಾಡಿಕೊಂಡಿದೆ. ಶಾಲೆಯಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಹೋಗುವಾಗಲೂ ಅವಳೇ ಕಡೆಯವಳು, ಈಜಿನ ತರಗತಿ ಮುಗಿದ ಮೇಲೆ ಬಿಸಿನೀರು ಮುಗಿದ ನಲ್ಲಿಯ ಕೆಳಗೆ ನಡುಗುತ್ತ ನಿಲ್ಲುವವಳೂ ಅವಳೇ. ಹಾಳಾದ ಹೆಸರು ಎಂದು ಬುದ್ಧಿ ಬಂದಾಗಿನಿಂದ ಶಪಿಸಿಕೊಂಡೇ ಬೆಳೆದಿದ್ದಳು. ಈಗ ಮೊಟ್ಟಮೊದಲ ಸಲ ಆ ಹೆಸರಿನ ಮೇಲೆ ಪ್ರೀತಿ ಉಕ್ಕಿ ಬಂತು. ಎದುರಿನವರು ಏನು ಮಾಡಿಯಾರು ಎಂದು ಲೆಕ್ಕ ಹಾಕುವ ಶಾಸ್ತ್ರ, ಗೇಮ್ ಥಿಯರಿ; ಅದರ ಪರೀಕ್ಷೆಯ ಪಟ್ಟಿಯಲ್ಲಿ ಅವಳು ಕಟ್ಟಕಡೆಯವಳು.

ಬಾಯಿಪರೀಕ್ಷೆ ಅದು. ಹಸಿರು ಬಟ್ಟೆ ಹಾಸಿದ ಮೇಜು, ಅದರ ಮೇಲೆ ಮಗುಚಿ ಇಟ್ಟ ಚೀಟಿಗಳು, ಒಂದೊಂದರಲ್ಲಿ ಒಂದೊಂದು ಅಧ್ಯಾಯದ ಹೆಸರು. ಯಾವುದು ಕೈಗೆ ಬಂತೋ ಅದರ ಮೇಲೆ ಬಾಯಿಬಿಡಬೇಕು. ಎತ್ತಿದ ಚೀಟಿ ಮತ್ತೆ ಮೇಜಿಗೆ ಬರುವುದಿಲ್ಲ. ಅಂದರೆ ಮುಂಚೆ ಹೋದವರು ಒಂದೊಂದು ಪೀಡೆಯನ್ನು ಹೊತ್ತುಕೊಂಡು ಹೋಗುತ್ತಾರೆ, ಕಡೆಯವರಿಗೆ ಉಳಿಯುವ ಪೀಡೆ ಕಡಿಮೆ. ಸೋಲ್ವೈ ಈಗಾಗಲೇ ಎರಡು ಸಲ ಡುಮ್ಕಿ ಹೊಡೆದಿದ್ದಳು. ಇದು ಮೂರನೆಯದು, ನಾಲ್ಕನೆಯದು ಅಂತ ಒಂದಿಲ್ಲ. ಈ ಸಲವೂ ಹೋದರೆ ವಿಶ್ವವಿದ್ಯಾಲಯದಿಂದ ಹೊರಗೆ. ಅದರ ಹಿಂದೆಯೇ ವಿದ್ಯಾರ್ಥಿನಿಲಯದ ಕೋಣೆಯೂ ಹೋಗುತ್ತದೆ. ಓರ್ಹುಸ್‌ನ ಕಡಲು ಕಾಣುವ ಬಾಲ್ಕನಿ ಇರುವ ಕೋಣೆ ಅದು. ಅದಕ್ಕಾಗಿ ಅವಳು ಕಾದ ಕಾಲದಲ್ಲಿ ಬೇರೆಯವರು ಮದುವೆಯಾಗಿ ಡೈವೋರ್ಸ್ ಕೂಡ ಮುಗಿಸಿದ್ದರು.

ಹಾಗಂತ ಓದಿದಳೇ? ಓದಲು ಒಂದು ಗುಂಪು ಕಟ್ಟಿದಳು. ಅದೇ ನಿಲಯದ ಹುಡುಗ ಎಬ್ಬೆ, ಹುಡುಗಿ ತೋವ, ಇವಳೊಬ್ಬಳು. ಎಬ್ಬೆಯದೂ ಇದು ಮೂರನೆಯ ಸಲ, ತೋವಳದು ಮೊದಲನೆಯದು. ಅಧ್ಯಾಯಗಳನ್ನು ಮೂವರೂ ಹಂಚಿಕೊಳ್ಳುವುದು, ಅವರವರ ಪಾಲು ಓದಿಕೊಂಡು ಬಂದು ಉಳಿದಿಬ್ಬರಿಗೆ ಪಾಠ ಹೇಳುವುದು ಎಂದು ಮಾತಾಯಿತು. ಶನಿವಾರ ಮಧ್ಯಾಹ್ನ ಅಡುಗೆಮನೆಯಲ್ಲಿ ಸೇರಿದಾಗ ಮೇಜಿನ ಮೇಲೆ ಮೂರು ಕೇಕುಗಳಿದ್ದವು.

"ಎಬ್ಬೆ, ಹರಾಜಿನ ಅಧ್ಯಾಯ ನಿಂದು. ಶುರು ಹಚ್ಕೋ," ಎಂದಳು ಸೋಲ್ವೈ.

"ಓದಿಲ್ಲ ಕಣೇ. ಅದಕ್ಕೇ ಕೇಕ್ ತಂದಿದ್ದೀನಿ."

"ತೋವ?"

"ನಂದೂ ಕೇಕೇ," ಎಂದಳು ತೋವ, ನೆಲ ನೋಡುತ್ತ.

"ಥೂ ನಿಮ್ಮ! ಒಬ್ರಾದ್ರೂ ಓದ್ಕೊಂಡು ಬರಬಾರ್ದಾ?"

"ನೀನು ಓದಿದ್ಯಾ?" ಎಂದು ಕೇಳಿದ ಎಬ್ಬೆ.

ಸೋಲ್ವೈ ತನ್ನ ಕೇಕಿನ ಡಬ್ಬದ ಮುಚ್ಚಳ ತೆಗೆದಳು. ಎಬ್ಬೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಲೆಕ್ಕ ಹಾಕಿ ನೋಡು. ನೀವಿಬ್ರೂ ಓದ್ಕೊಂಡು ಬಂದ್ರೆ ನಾನು ಓದೋದು ದಂಡ. ನೀವಿಬ್ರೂ ಓದದೇ ಬಂದ್ರೆ, ನಾನೊಬ್ಬನೇ ಓದಿ ಯಾರನ್ನ ಉದ್ಧಾರ ಮಾಡ್ಲಿ? ಹೆಂಗ್ ನೋಡಿದ್ರೂ ಕೇಕೇ ವಾಸಿ."

"ಇದು ಪುಸ್ತಕದ ಮೊದಲನೇ ಅಧ್ಯಾಯ ಅಲ್ವೇನೋ!"

"ನೋಡು, ಮೊದಲನೇ ಅಧ್ಯಾಯ ಮೂವರಿಗೂ ಪಕ್ಕಾ ಆಯ್ತು. ಕಾಫಿ ಹಾಕು."

ಇಂಥ ಬುದ್ಧಿವಂತರು. ಕೇಕು ತಿಂದರು, ಕಾಫಿ ಕುಡಿದರು, ಮೂರು ತಟ್ಟೆಯಲ್ಲೂ ಒಂದೊಂದು ತುಂಡು ಉಳಿಯಿತು. ಕೊನೆಯ ತುಂಡಿಗೆ ಕೈಹಾಕುವ ಗಂಡೆದೆ ನಮ್ಮ ಡೆನ್ಮಾರ್ಕಿನಲ್ಲಿ ಯಾರಿಗೂ ಇಲ್ಲ. ಅರ್ಧ ಮಾಡುತ್ತಾರೆ, ಅರ್ಧದಲ್ಲಿ ಅರ್ಧ ಮಾಡುತ್ತಾರೆ, ಕಡೆಗೆ ಇರುವೆಗೆ ಸಾಲುವಷ್ಟು ಉಳಿದು ಒಣಗುತ್ತದೆ. ಎಬ್ಬೆ ಚಮಚದಿಂದ ತಟ್ಟೆ ತಟ್ಟಿದ.

"ಇದ್ಯಾಕೆ ಯಾರೂ ತಿನ್ನಲ್ಲ ಹೇಳು? ನಾಳೆನೂ ಇದೇ ಅಡುಗೆಮನೆಗೆ ಬರ್ಬೇಕಲ್ಲ. ಇವತ್ತು ನುಂಗಿದವನು ನಾಳೆ ಎಲ್ಲರಿಗೂ ಮುಖ ತೋರಿಸ್ಬೇಕು. ನಾಳೆ ಅನ್ನೋದು ಇಲ್ದೇ ಇದ್ರೆ ನಿನ್ನ ಕೈಯಿಂದ ಕಿತ್ಕೊಂಡು ತಿಂತಿದ್ದೆ. ಮತ್ತೆ ಮತ್ತೆ ಆಡೋ ಆಟ ಅಂದ್ರೆ ಇಷ್ಟೇ ಕಣೇ. ಪುಸ್ತಕದವರು ಇದನ್ನೇ ಗ್ರೀಕ್ ಅಕ್ಷರ ಹಾಕಿ ಹೆದರಿಸ್ತಾರೆ."

ಅಲ್ಲಿಂದ ಶುರು ಮಾಡಿ ಸಂಜೆಯವರೆಗೆ ಆ ಅಧ್ಯಾಯವನ್ನು ಎಬ್ಬೆ ಬಿಡಿಸಿಟ್ಟ. ಗ್ರೀಕ್ ಅಕ್ಷರಗಳೂ ಪಳಗಿದ ಬೆಕ್ಕಿನ ಹಾಗೆ ಬಂದು ಕೂತವು. ಸೋಲ್ವೈಗೆ ಇಡೀ ಪುಸ್ತಕದಲ್ಲಿ ನಿದ್ದೆಗಣ್ಣಲ್ಲೂ ಹೇಳಬಲ್ಲ ಒಂದೇ ಅಧ್ಯಾಯ ಎಂದರೆ ಅದು. ಎಬ್ಬೆ ಅಂಥವನು, ಅಡುಗೆಮನೆಯಲ್ಲಿ ಕಲ್ಲಿಗೂ ಪಾಠ ಹತ್ತಿಸುತ್ತಾನೆ. ಹಸಿರು ಮೇಜಿನ ಮುಂದೆ ನಿಲ್ಲಿಸಿದರೆ ಮಾತ್ರ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ, ಕೈ ನಡುಗುತ್ತದೆ. ಹಿಂದಿನ ಎರಡು ಸಲವೂ ಅದೇ ಕಥೆ. ಸೋಲ್ವೈಗೆ ಇದು ಚೆನ್ನಾಗಿ ಗೊತ್ತಿತ್ತು, ಪಾಪ ಎಂದು ಬೆನ್ನು ಸವರಿದವಳೂ ಅವಳೇ.

ಪರೀಕ್ಷೆಯ ದಿನ ಜೂನ್ ತಿಂಗಳ ಬಿಸಿಲು ಕಾರಿಡಾರಿನ ಉದ್ದಕ್ಕೂ ಬಿದ್ದಿತ್ತು. ಒಬ್ಬೊಬ್ಬರೇ ಒಳಗೆ ಹೋಗಿ ಬಂದರು. ತೋವ ಬಂದಳು, ಕೆನ್ನೆ ಕೆಂಪಗೆ.

"ಹನ್ನೆರಡು," ಎಂದಳು ಮೆಲ್ಲಗೆ. ಅದಕ್ಕಿಂತ ಮೇಲೆ ಅಂಕವಿಲ್ಲ.

"ಹನ್ನೆರಡಾ! ಕೇಕ್ ತಿಂದ್ಕೊಂಡು ಕೂತಿದ್ದವಳು!"

"ಒಂಚೂರು ಓದ್ಕೊಂಡಿದ್ದೆ," ಎಂದಳು ತೋವ. ಒಂಚೂರಂತೆ! ಪುಸ್ತಕವನ್ನು ಮೊದಲ ರಟ್ಟಿನಿಂದ ಕೊನೆಯ ರಟ್ಟಿನವರೆಗೆ ಕುಡಿದು, ಬಾಯೊರೆಸಿಕೊಂಡು, ಮೇಲೆ ಒಂದು ಕೇಕೂ ತಂದಿದ್ದಳು ಕಳ್ಳಿ.

ಆಮೇಲೆ ಎಬ್ಬೆ ಹೋದ. ಸ್ವಲ್ಪ ಹೊತ್ತಿಗೆ ಒಳಗೆ ಏನೋ ಉರುಳಿಬಿದ್ದ ಸದ್ದಾಯಿತು. ಸೋಲ್ವೈ ಪುಸ್ತಕದೊಳಗೆ ಮೂಗು ತೂರಿಸಿ ಕೂತಿದ್ದಳು. ಎಬ್ಬೆ ಹೊರಗೆ ಬಂದದ್ದು, ಅಂಕ ಹೇಳಲು ಅವನನ್ನು ಮತ್ತೆ ಒಳಗೆ ಕರೆದದ್ದು ಅವಳಿಗೆ ಅರೆಬರೆ ಕಂಡಿತು. ಎರಡನೆಯ ಸಲ ಬಂದವನು ಪಕ್ಕದಲ್ಲಿ ಕುಕ್ಕರಿಸಿ ಕಿವಿಯ ಹತ್ತಿರ ಬಾಗಿದ. ಮುಖದ ತುಂಬ ನಗು.

"ಕೇಳಿಲ್ಲಿ. ಕಾಫಿ ಕಲೆ ಆಗಿರೋ ಚೀಟಿ ತಗೋ."

"ಏನು?"

"ನಮ್ಮ ಮೇಷ್ಟ್ರು ಗೋರ್ಮ್‌ನ ಕಾಫಿ ಕಪ್ ಉರುಳಿಸ್ಬಿಟ್ಟೆ. ಒಂದು ಚೀಟಿ ನೆಂದೋಯ್ತು. ಅವನು ಎತ್ತಿ ಒದರಿದಾಗ ಕಾಣಿಸ್ತು, ಮತ್ತೆ ಮತ್ತೆ ಆಡೋ ಆಟ! ನಿನ್ನ ಅಧ್ಯಾಯ ಕಣೇ! ಬಲಗಡೆ ಮೂಲೇಲಿದೆ, ಬೆನ್ನ ಮೇಲೆ ಕಂದು ಕಲೆ. ಕಣ್ಣು ಮುಚ್ಕೊಂಡು ಎತ್ತು, ಹೋಗು. ನಾನು ಕೇಕ್ ತರ್ತೀನಿ." ಎದ್ದು ಮೆಟ್ಟಿಲಿಳಿದು ಹೊರಟೇಹೋದ.

ಬೇರೆ ಯಾರೇ ಆಗಿದ್ದರೂ ಅಲ್ಲೇ ಎದ್ದು ಕುಣಿಯುತ್ತಿದ್ದರು. ತರಕಾರಿ ಮಾರುವವರು, ಬಸ್ ಓಡಿಸುವವರು, ಎರಡನೇ ಕ್ಲಾಸಿನ ಮಕ್ಕಳು, ಯಾರಾದರೂ ಸರಿ. ಸೋಲ್ವೈ ಗೇಮ್ ಥಿಯರಿ ವಿದ್ಯಾರ್ಥಿನಿ. ಅವಳು ಯೋಚನೆ ಮಾಡಿದಳು.

ಯಾರಾದರೂ ಏನಾದರೂ ಹೇಳಿದರೆ ಮೊದಲು ಕೇಳಬೇಕಾದ ಪ್ರಶ್ನೆ, ಹೇಳಿದವನಿಗೆ ಏನು ಲಾಭ? ಪುಸ್ತಕ ಪುಟಪುಟಕ್ಕೂ ಅದನ್ನೇ ಅರೆದು ಕುಡಿಸಿತ್ತು. ಎಬ್ಬೆಗೆ ಏನು ಲಾಭ? ಕೇಳಿಕೊಂಡದ್ದೇ ತಡ, ಅವಳಿಗೆ ಉತ್ತರ ಹೊಳೆಯಿತು. ಬಾಲ್ಕನಿ! ಎಬ್ಬೆಯ ಕೋಣೆ ಕಸದ ಡಬ್ಬಗಳ ಮಗ್ಗುಲಲ್ಲಿತ್ತು. ಬಾಲ್ಕನಿ ಕೋಣೆಗೆ ಕಾದಿರುವವರ ಸಾಲಿನಲ್ಲಿ ಅವನೇ ಮೊದಲಿಗ. ಸೋಲ್ವೈ ಫೇಲಾದರೆ ಕೋಣೆ ಖಾಲಿ, ಕೋಣೆ ಖಾಲಿಯಾದರೆ ಅದು ಎಬ್ಬೆಗೆ. ಅದಕ್ಕೇ ಆ ನಗು! ಕಾಫಿ ಕಲೆಯ ಚೀಟಿಯಲ್ಲಿ ಇರುವುದು ಯಾವುದೋ ಹಾಳು ಅಧ್ಯಾಯ.

ಛೇ, ಎಬ್ಬೆ ಅಂಥವನಲ್ಲ. ಅಂಥವನಲ್ಲ ಎಂದು ನಾನು ನಂಬುತ್ತೇನೆ ಅಂತ ಅವನಿಗೂ ಗೊತ್ತು. ಗೊತ್ತಿದ್ದೇ ಹೇಳಿದ್ದಾನೆ. ಆದರೆ ನಾನು ಇಷ್ಟು ದೂರ ಯೋಚಿಸುತ್ತೇನೆ ಅಂತಲೂ ಅವನಿಗೆ ಗೊತ್ತು, ಯಾಕೆಂದರೆ ಯೋಚಿಸಲು ಕಲಿಸಿದವನು ಅವನೇ. ಹಾಗಾದರೆ ನಿಜ ಹೇಳಿರಬೇಕು. ಹಾಗಂದುಕೊಳ್ಳಲಿ ಅಂತಲೇ... ಗಾಣದ ಎತ್ತಿನ ಹಾಗೆ ಸುತ್ತಿ ಸುತ್ತಿ ಅವಳ ತಲೆ ಚಿಟ್ಟು ಹಿಡಿಯಿತು. ಇಷ್ಟೆಲ್ಲ ಯೋಚನೆಯಲ್ಲಿ ಒಂದು ಸಣ್ಣ ವಿಷಯ ಮಾತ್ರ ಅವಳ ತಲೆಗೆ ಬರಲೇ ಇಲ್ಲ. ಅಷ್ಟರಲ್ಲಿ ಬಾಗಿಲು ತೆರೆಯಿತು.

ಮೇಷ್ಟ್ರು ಗೋರ್ಮ್ ಸೈಕಲ್ ಚಡ್ಡಿಯಲ್ಲೇ ಕೂತಿದ್ದರು, ಅಂಗಿಯ ತೋಳು ಕಾಫಿಯಲ್ಲಿ ತೊಯ್ದಿತ್ತು. ಪಕ್ಕದಲ್ಲಿ ಬೇರೆ ಊರಿನಿಂದ ಬಂದ ಪರೀಕ್ಷಕಿ, ಮುಖದಲ್ಲಿ ಊಟದ ಹೊತ್ತು ಮೀರಿದ ಕಳೆ.

"ಬಾ ಸೋಲ್ವೈ, ಒಂದು ಚೀಟಿ ಎತ್ತು. ನಾವೂ ಮನೆಗೆ ಹೋಗ್ಬೇಕು," ಎಂದರು ಗೋರ್ಮ್.

ಬಲಗಡೆ ಮೂಲೆಯಲ್ಲಿ ಅದಿತ್ತು. ಬೆನ್ನ ಮೇಲೆ ಕಂದು ಕಲೆ, ಎಬ್ಬೆ ಹೇಳಿದ ಹಾಗೆಯೇ. ಸೋಲ್ವೈಯ ಕೈ ಅದರವರೆಗೆ ಹೋಯಿತು. ಬೆರಳಿಗೆ ಒದ್ದೆ ಕೂಡ ತಾಗಿತು. ಅಲ್ಲಿಂದ ಕೈಯನ್ನು ಪಕ್ಕಕ್ಕೆ ಸರಿಸಿ ಇನ್ನೊಂದನ್ನು ಎತ್ತಿದಳು.

ಹರಾಜು.

ಎಬ್ಬೆ ಓದದೇ ಕೇಕು ತಂದಿದ್ದ ಅದೇ ಅಧ್ಯಾಯ! ಸೋಲ್ವೈಗೆ ಅದರಲ್ಲಿ ಒಂದಕ್ಷರವೂ ಗೊತ್ತಿರಲಿಲ್ಲ. ಕಡೆಗೆ ಸೋದರತ್ತೆಯ ಕಾಲು ಹಿಡಿದಳು. ಅತ್ತೆ ಹರಾಜಿನಲ್ಲಿ ಒಂದು ಬೀರು ಕೊಂಡಿದ್ದಳು, ಓಕ್ ಮರದ್ದು, ಹಿತ್ತಾಳೆಯ ಹಿಡಿ ಇತ್ತು...

"ಬೀರು ಚೆನ್ನಾಗಿದೆ," ಎಂದರು ಪರೀಕ್ಷಕಿ. "ನಿಮ್ಮತ್ತೆ ಅಷ್ಟು ಬೆಲೆ ಕೂಗಿದ್ದು ಯಾಕೆ? ಅದನ್ನ ಹೇಳಿ."

"ಅವಳಿಗೆ ಬೀರು ಬೇಕಾಗಿತ್ತು."

ಗೋರ್ಮ್ ಕಣ್ಣು ಮುಚ್ಚಿಕೊಂಡರು. ಬೀರಿನ ಕಥೆ ಮುಗಿಯಿತು, ಅತ್ತೆಯ ಕಥೆಯೂ ಮುಗಿಯಿತು, ಸಮಯ ಮಾತ್ರ ಮುಗಿಯಲೊಲ್ಲದು. ಅವಳನ್ನು ಹೊರಗೆ ಕಳಿಸಿ ಮತ್ತೆ ಕರೆದಾಗ ಇಬ್ಬರೂ ತಲೆ ತಗ್ಗಿಸಿದ್ದರು.

"ಸೊನ್ನೆ ಸೊನ್ನೆ," ಎಂದರು ಗೋರ್ಮ್. ಒಂದೇ ಸೊನ್ನೆ ಸಾಲದೆಂದು ನಮ್ಮಲ್ಲಿ ಎರಡು ಬರೆಯುತ್ತಾರೆ. "ನಂಗೂ ಬೇಜಾರಾಗಿದೆ ಕಣಮ್ಮಾ."

ಸೋಲ್ವೈ ಮೇಜಿನ ಹತ್ತಿರ ಹೋಗಿ ಕಾಫಿ ಕಲೆಯ ಚೀಟಿಯನ್ನು ಮಗುಚಿದಳು. ಮತ್ತೆ ಮತ್ತೆ ಆಡುವ ಆಟಗಳು. ಶಾಯಿ ಸ್ವಲ್ಪ ಕದಡಿತ್ತು, ಓದಲೇನೂ ತೊಂದರೆ ಇರಲಿಲ್ಲ.

ಹೊರಗೆ ಎಬ್ಬೆ ಕಾಯುತ್ತಿದ್ದ. ಒಂದು ಕೈಯಲ್ಲಿ ಪಾಸಾದ ಖುಷಿಗೆ ಬೀಸಲು ತಂದ ಕಾಗದದ ಬಾವುಟ, ಇನ್ನೊಂದರಲ್ಲಿ ತೆಂಗಿನತುರಿ ಮೆತ್ತಿದ ಕೇಕಿನ ಡಬ್ಬ. ಉಳಿದವರೆಲ್ಲ ತಿಂದು ಹೋಗಿದ್ದರು, ಒಂದು ತುಂಡು ಉಳಿದಿತ್ತು. ಇವಳನ್ನು ಕಂಡದ್ದೇ ಬಾವುಟ ಬೀಸಿದ.

"ಹೊಡೆದ್ಯಲ್ಲ! ಎಷ್ಟು?"

"ಸೊನ್ನೆ ಸೊನ್ನೆ."

ಬಾವುಟ ಅರ್ಧಕ್ಕೆ ನಿಂತಿತು. "ಯಾಕೆ? ಚೀಟಿ ಇರ್ಲಿಲ್ವಾ?"

"ಇತ್ತು."

"ಮತ್ತೆ?"

"ತಗೊಳ್ಳಲಿಲ್ಲ. ನೀನು ಸುಳ್ಳು ಹೇಳ್ತಿದ್ದೀಯ ಅಂದ್ಕೊಂಡೆ."

"ನಾನಾ? ಸುಳ್ಳು ಹೇಳಿ ನಂಗೇನು ಬರ್ಬೇಕಿತ್ತೇ?"

"ನನ್ನ ರೂಮು. ಬಾಲ್ಕನಿ."

ಎಬ್ಬೆ ಅವಳ ಮುಖವನ್ನೇ ನೋಡಿದ. ಆಮೇಲೆ ಗೋಡೆಗೆ ಒರಗಿ, ನಗುತ್ತ ನಗುತ್ತ ನೆಲಕ್ಕೆ ಜಾರಿ ಕೂತುಬಿಟ್ಟ. "ರೂಮಂತೆ! ಮೈನಸ್ ಮೂರು ತಗೊಂಡವನಿಗೆ ಯಾರೇ ರೂಮು ಕೊಡ್ತಾರೆ? ನನ್ನ ಕಸದ ಡಬ್ಬದ ರೂಮೂ ಹೋಯ್ತು."

ಸೊನ್ನೆಗಿಂತ ಕೆಳಗೂ ಅಂಕ ಕೊಡುವ ಪುಣ್ಯಾತ್ಮರು ನಾವು.

"ಮೈನಸ್ ಮೂರಾ?" ಎಂದಳು ಸೋಲ್ವೈ. "ನೀನು ಹೇಳ್ಲೇ ಇಲ್ಲ!"

"ನೀನು ಕೇಳ್ಲೇ ಇಲ್ಲ."

ನಿಜ. ಕೇಳಿರಲಿಲ್ಲ. ಅವನು ತಡವರಿಸುತ್ತಾನೆಂದು ಗೊತ್ತಿತ್ತು, ಕಪ್ ಉರುಳಿದ ಸದ್ದು ಕಿವಿಗೆ ಬಿದ್ದಿತ್ತು. ಅವನಿಗೇನು ಲಾಭ ಎಂದು ಸುತ್ತಿ ಸುತ್ತಿ ಲೆಕ್ಕ ಹಾಕಿದವಳು ನಿಂದು ಹೇಗಾಯಿತು ಎಂದು ಒಂದು ಮಾತು ಕೇಳಿರಲಿಲ್ಲ. ಕೇಳಿದ್ದರೆ ಲೆಕ್ಕವೇ ಬೇಕಿರಲಿಲ್ಲ. ಸೋಲ್ವೈಗೆ ನಾಚಿಕೆಯಾಯಿತು. ಫೇಲಾದ ನಾಚಿಕೆ ಅವಳಿಗೆ ಹಳೆಯ ಪರಿಚಯ, ಇದು ಬೇರೆಯದು.

"ಮತ್ತೆ ಅಷ್ಟು ನಗ್ತಾ ಬಂದ್ಯಲ್ಲೋ?"

"ಇನ್ನೇನು ಅಳಲಾ? ನಾನು ಅತ್ರೆ ನೀನು ಗಾಬರಿಯಾಗಿ ಗೊತ್ತಿರೋದನ್ನೂ ಮರೀತಿದ್ದೆ."

ಸೋಲ್ವೈ ಅವನ ಪಕ್ಕ ಕೂತು ಮುಖ ಮುಚ್ಚಿಕೊಂಡು ಅತ್ತಳು. ಎಬ್ಬೆ ಬಾವುಟದ ಕಡ್ಡಿಯಿಂದ ಅವಳ ಬೆನ್ನು ತಟ್ಟುತ್ತಿದ್ದ. ಆಗ ಮೆಟ್ಟಿಲ ತಿರುವಿನಿಂದ ತೋವಳ ತಲೆ ಇಣುಕಿತು. ಕಾದವರ ಸಾಲಿನಲ್ಲಿ ಎಬ್ಬೆಯ ಹಿಂದೆ ನಿಂತವಳು ಅವಳೇ.

"ಸಾರಿ ಸೋಲ್ವೈ, ಈಗ ಕೇಳ್ಬಾರ್ದು. ಆ ಬಾಲ್ಕನಿಗೆ ಬಿಸಿಲು ಬೆಳಿಗ್ಗೆ ಬರುತ್ತಾ, ಸಂಜೆನಾ?"

"ಸಂಜೆ," ಎಂದಳು ಸೋಲ್ವೈ ಮೂಗೊರೆಸಿಕೊಳ್ಳುತ್ತ. ತೋವ ಮಾಯವಾದಳು.

ಡಬ್ಬದಲ್ಲಿ ಕೊನೆಯ ತುಂಡು ಕೂತೇ ಇತ್ತು. ಎಬ್ಬೆ ಅದನ್ನು ಎತ್ತಿಕೊಂಡ. "ನಾಳೆ ಇಬ್ರೂ ಆ ಅಡುಗೆಮನೇಲಿ ಇರಲ್ವಲ್ಲ. ತಿನ್ಬಹುದು." ನೋಡದೆ ಮುರಿದ, ಒಂದು ಭಾಗ ದೊಡ್ಡದಾಯಿತು, ಇನ್ನೊಂದು ಚೂರು. ಎರಡು ಕೈಯನ್ನೂ ಅವಳ ಮುಂದೆ ಚಾಚಿದ. "ಮುರಿದವನು ನಾನು, ಆರಿಸೋಳು ನೀನು. ಪುಸ್ತಕದಲ್ಲಿ ಹಂಗೇ ಇರೋದು."

ಸೋಲ್ವೈ ಚಿಕ್ಕ ಚೂರನ್ನು ಎತ್ತಿ ಬಾಯಿಗೆ ಹಾಕಿಕೊಂಡಳು.

"ತಪ್ಪು ಉತ್ತರ," ಎಂದ ಎಬ್ಬೆ.

"ಗೊತ್ತು. ಸುಮ್ನೆ ತಿನ್ನು."

ಎಬ್ಬೆ ದೊಡ್ಡ ತುಂಡನ್ನು ಕಚ್ಚಿ, ಬಾಯಿ ತುಂಬ ತೆಂಗಿನತುರಿ ಇಟ್ಟುಕೊಂಡು, "ಲೆಕ್ಕ ಹಾಕದ ಈ ಬುದ್ಧಿ ಒಂದು ಗಂಟೆ ಮುಂಚೆ ಬಂದಿದ್ರೆ ಏನಾಗ್ತಿತ್ತೇ, ಮಂಗನಂಥವಳೇ!" ಎಂದ.